ಲೋಕಲ್ ರೈಲಿನ ಊರಲ್ಲಿ ಕೂದಲ ಆರೈಕೆ: ತಲೆಸ್ನಾನದಿಂದ ತಲೆದಿಂಬಿನವರೆಗೆ

ಊರಿನಿಂದ ಮುಂಬೈಗೆ ಬಂದವರು ವರ್ಷ ತುಂಬುವುದರೊಳಗೆ ಹೇಳುವ ಮಾತೊಂದಿದೆ: "ಇಲ್ಲಿನ ನೀರು ನನ್ನ ಕೂದಲಿಗೆ ಆಗಿಬರಲಿಲ್ಲ." ಡೊಂಬಿವಲಿ, ಭಾಂಡೂಪ್, ಮೀರಾರೋಡ್, ಯಾವ ಕನ್ನಡದ ಮನೆಗೆ ಹೋದರೂ ಈ ದೂರು ಕೇಳುತ್ತದೆ. ನೀರಿನ ಪಾಲು ಸ್ವಲ್ಪ ಇರಬಹುದು, ಅದಕ್ಕೆ ಆಮೇಲೆ ಬರೋಣ. ಆದರೆ ಕೂದಲಿಗೆ ಹೆಚ್ಚಿನ ಪೆಟ್ಟು ಬೀಳುವುದು ಬೇರೆ ಹೊತ್ತಿನಲ್ಲಿ. ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡಲ್ಲಿಂದ ಲೋಕಲ್ ಹತ್ತುವವರೆಗಿನ ಆ ಗಡಿಬಿಡಿಯಲ್ಲಿ. ಒದ್ದೆ ಕೂದಲನ್ನು ಟವಲಿನಲ್ಲಿ ಉಜ್ಜುವುದು, ಸಿಕ್ಕನ್ನು ಎಳೆದು ಬಾಚುವುದು, ರಬ್ಬರ್ ಬ್ಯಾಂಡ್ ಬಿಗಿದು ಓಡುವುದು. ಈ ಒಂದು ಗಂಟೆಯನ್ನು ಸರಿಮಾಡಿಕೊಂಡರೆ ಅರ್ಧಕ್ಕರ್ಧ ಕೆಲಸ ಆದಂತೆ.

ಮೊದಲು ನೋಡಿಕೊಳ್ಳಿ: ಉದುರುತ್ತಿದೆಯೋ, ತುಂಡಾಗುತ್ತಿದೆಯೋ?

ಇವೆರಡೂ ಬೇರೆ ಬೇರೆ ತೊಂದರೆ, ಪರಿಹಾರವೂ ಬೇರೆ. ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ಒಂದೊಂದಾಗಿ ಬಿಳಿ ಕಾಗದದ ಮೇಲೆ ಇಟ್ಟು, ಬೆಳಕಿನಲ್ಲಿ ಎರಡೂ ತುದಿ ನೋಡಿ. ಒಂದು ತುದಿಯಲ್ಲಿ ಸಣ್ಣ ಬಿಳಿ ಗುಂಡು ಇದ್ದರೆ ಅದು ಬೇರಿನಿಂದ ಉದುರಿದ ಕೂದಲು. ಗುಂಡಿಲ್ಲದೆ, ಉದ್ದವೂ ನಿಮ್ಮ ಜಡೆಗಿಂತ ತೀರಾ ಗಿಡ್ಡವಾಗಿದ್ದರೆ ಅದು ನಡುವೆ ಮುರಿದದ್ದು.

ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ತಲೆಯಲ್ಲಿ ಹೆಚ್ಚುಕಡಿಮೆ ಒಂದು ಲಕ್ಷ ಕೂದಲು ಇರುತ್ತವೆ. ಒಂದೊಂದೂ ಕೆಲವು ವರ್ಷ ಬೆಳೆದು, ಮೂರು ತಿಂಗಳಷ್ಟು ಸುಮ್ಮನಿದ್ದು ಬಿದ್ದುಹೋಗುತ್ತದೆ, ಅದೇ ಜಾಗದಲ್ಲಿ ಹೊಸದು ಹುಟ್ಟುತ್ತದೆ. ವಾರಕ್ಕೊಮ್ಮೆ ತಲೆಸ್ನಾನ ಮಾಡುವವರಿಗೆ ಆ ದಿನ ಹಿಡಿಯಷ್ಟು ಕೂದಲು ಕಂಡರೆ ಗಾಬರಿ ಬೇಡ. ಹಿಂದಿನ ದಿನಗಳಲ್ಲೇ ಕಳಚಿ ಜಡೆಯೊಳಗೆ ಉಳಿದದ್ದು ಒಟ್ಟಿಗೆ ಹೊರಬಂದಿದೆ, ಅಷ್ಟೆ.

ಮುರಿದ ಕೂದಲೇ ಹೆಚ್ಚಿದ್ದರೆ ಈ ಬರಹದ ಬಹುಪಾಲು ನಿಮಗೇ. ಬೇರುಸಹಿತ ಉದುರುವುದು ಹೆಚ್ಚಿದ್ದರೆ ಕೊನೆಯ ಭಾಗಗಳನ್ನು ತಪ್ಪದೆ ಓದಿ. ಎಣ್ಣೆ, ಶಾಂಪೂ ಬದಲಿಸಿದ್ದರಿಂದ ಅದು ನಿಲ್ಲುವುದಿಲ್ಲ.

ಕೂದಲು ಯಾಕೆ ಕೆಡುತ್ತದೆ

ಒಂದು ಉದ್ದ ಕೂದಲನ್ನು ಬುಡದ ಹತ್ತಿರ ಹಿಡಿದು, ಇನ್ನೊಂದು ಕೈಯ ಎರಡು ಬೆರಳ ನಡುವೆ ತುದಿಯ ಕಡೆಗೆ ಜಾರಿಸಿ. ನುಣುಪಾಗಿ ಹೋಗುತ್ತದೆ. ಈಗ ತುದಿಯಿಂದ ಬುಡದ ಕಡೆಗೆ ಜಾರಿಸಿ. ಬೆರಳಿಗೆ ಸಣ್ಣಗೆ ತಡೆದಂತಾಗುತ್ತದೆ. ಕೂದಲಿನ ಹೊರಮೈ ನಮ್ಮೂರ ಹಂಚಿನ ಮಾಡಿನ ಹಾಗೆ, ಒಂದರ ಮೇಲೊಂದು ಹೊದೆಸಿದ ಸಣ್ಣ ಪದರಗಳಿಂದ ಆಗಿದೆ, ಎಲ್ಲದರ ಅಂಚೂ ತುದಿಯ ಕಡೆಗೆ. ಆ ಪದರ ಗಟ್ಟಿಯಾಗಿ ಕೂತಿರುವವರೆಗೆ ಒಳಗಿನ ಕೆರಟಿನ್ ಎಂಬ ಪ್ರೋಟೀನು ಭದ್ರ, ಕೂದಲಿಗೆ ಹೊಳಪು. ಪದರ ಎದ್ದರೆ ಒರಟು, ಕಿತ್ತುಹೋದರೆ ತುದಿ ಸೀಳು.

ಕೂದಲು ತಿಂಗಳಿಗೆ ಸುಮಾರು ಒಂದೂಕಾಲು ಸೆಂಟಿಮೀಟರ್ ಬೆಳೆಯುತ್ತದೆ. ಅಂದರೆ ಸೊಂಟದ ಹತ್ತಿರ ಇಳಿದ ಜಡೆಯ ತುದಿಗೆ ನಾಲ್ಕೈದು ವರ್ಷ ವಯಸ್ಸು. ಅಷ್ಟು ವರ್ಷದ ಬಿಸಿಲು, ಬಾಚಣಿಗೆ, ಬಣ್ಣ ಎಲ್ಲವನ್ನೂ ಅದು ಸಹಿಸಿದೆ. ನೆತ್ತಿಯಿಂದ ಹೊರಬಂದ ಕೂದಲಿಗೆ ಜೀವವಿಲ್ಲ, ಗಾಯ ಮಾಯುವಂತೆ ಅದು ಮಾಯುವುದಿಲ್ಲ. ಜಾಹೀರಾತಿನವರು 'ರಿಪೇರಿ' ಅಂತ ಏನೇ ಹೇಳಲಿ, ಸೀಳಿದ ತುದಿಯನ್ನು ಅಂಟಿಸುವ ಸಾಮಾನು ಅಂಗಡಿಯಲ್ಲಿಲ್ಲ. ಕತ್ತರಿಸಬೇಕು, ಮುಂದೆ ಸೀಳದಂತೆ ಕಾಪಾಡಬೇಕು.

ಹೆಜ್ಜೆ 1: ನಿಮ್ಮ ನೀರು ಯಾವುದು ಗೊತ್ತುಮಾಡಿಕೊಳ್ಳಿ

ಮುಂಬೈ ಮಹಾನಗರಪಾಲಿಕೆಯ ನಲ್ಲಿ ನೀರು ಏಳು ಜಲಾಶಯಗಳಿಂದ ಬರುತ್ತದೆ: ತಾನ್ಸಾ, ಮೋಡಕ್ ಸಾಗರ, ಭಾತ್ಸಾ, ಅಪ್ಪರ್ ವೈತರಣಾ, ಮಿಡಲ್ ವೈತರಣಾ, ವಿಹಾರ, ತುಳಸಿ. ಮಳೆನೀರು ನಿಂತು ಬರುವುದರಿಂದ ಇದು ಗಡುಸು ನೀರಲ್ಲ. ಕಲ್ಯಾಣ–ಡೊಂಬಿವಲಿ ಕಡೆಗೆ ಉಲ್ಹಾಸ್ ನದಿಯ ನೀರು. ಈ ನೀರನ್ನು ಬೈಯುವುದರಲ್ಲಿ ಅರ್ಥವಿಲ್ಲ.

ಬೋರ್‌ವೆಲ್ ಮತ್ತು ಟ್ಯಾಂಕರ್ ನೀರಿನ ಕಥೆ ಬೇರೆ. ಅನೇಕ ವಸತಿ ಸೊಸೈಟಿಗಳಲ್ಲಿ ಅಡಿಗೆಮನೆಗೆ ಪಾಲಿಕೆಯ ನೀರು, ಬಚ್ಚಲಿಗೆ ಬೋರ್‌ವೆಲ್ ನೀರು. ಬಕೆಟ್ಟಿನ ಒಳಗೆ, ನಲ್ಲಿಯ ಬಾಯಲ್ಲಿ ಬಿಳಿ ಕರೆ ಕಟ್ಟಿದ್ದರೆ, ಸೋಪು ಎಷ್ಟು ತಿಕ್ಕಿದರೂ ನೊರೆ ಬಾರದಿದ್ದರೆ ಅದು ಗಡುಸು ನೀರು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂದಲಿನ ಮೇಲೆ ಕೂತು ಒರಟು ಮಾಡುತ್ತವೆ, ಸಿಕ್ಕು ಹೆಚ್ಚುತ್ತದೆ. ಬೇರಿನಿಂದ ಉದುರಿಸುವುದಿಲ್ಲ. ಇಂಥ ಮನೆಯಲ್ಲಿದ್ದರೆ ಸುಲಭ ದಾರಿ: ಬೋರ್ ನೀರಿನಲ್ಲೇ ತಲೆ ತೊಳೆದು, ಕೊನೆಗೆ ಅಡಿಗೆಮನೆಯ ನೀರು ಎರಡು ಮೂರು ತಂಬಿಗೆ ಹಾಕಿಕೊಳ್ಳಿ. ತಿಂಗಳಿಗೆ ಒಂದೆರಡು ಸಲ ಇಡಿಟಿಎ (EDTA) ಎಂಬ, ಕ್ಯಾಲ್ಸಿಯಂ ಹಿಡಿದು ಬಿಡಿಸುವ ರಾಸಾಯನಿಕ ಇರುವ ಶಾಂಪೂ ಬಳಸಿದರೆ ಕೂತ ಕರೆ ಬಿಡುತ್ತದೆ. ಡಬ್ಬಿಯ ಹಿಂದೆ ಸಾಮಗ್ರಿಗಳ ಪಟ್ಟಿಯಲ್ಲಿ ಅದರ ಹೆಸರು ಇರುತ್ತದೆ. ಸಾವಿರಾರು ರೂಪಾಯಿಯ ಶವರ್ ಫಿಲ್ಟರ್ ಕೊಳ್ಳುವ ಮುಂಚೆ ಇಷ್ಟು ಮಾಡಿ ನೋಡಿ.

ಹೆಜ್ಜೆ 2: ತಲೆಸ್ನಾನದ ಹೊತ್ತು ಬದಲಿಸಿ

ಇಡೀ ಬರಹದಲ್ಲಿ ಒಂದೇ ಒಂದು ಮಾತನ್ನು ಪಾಲಿಸುವುದಾದರೆ ಇದನ್ನು ಪಾಲಿಸಿ ಎನ್ನುತ್ತೇನೆ. ಕೆಲಸಕ್ಕೆ ಹೋಗುವ ದಿನ ಬೆಳಿಗ್ಗೆ ತಲೆಗೆ ನೀರು ಹಾಕಿಕೊಳ್ಳಬೇಡಿ. ಒದ್ದೆ ಕೂದಲು ಒಣ ಕೂದಲಿಗಿಂತ ತುಂಬ ದುರ್ಬಲ. ನೀರು ಕುಡಿದು ಉಬ್ಬಿರುತ್ತದೆ, ಪದರ ಎದ್ದಿರುತ್ತದೆ, ಎಳೆದರೆ ಹಿಗ್ಗಿ ತುಂಡಾಗುತ್ತದೆ. ಆ ಸ್ಥಿತಿಯಲ್ಲಿ ಕಟ್ಟಿ, ಕ್ಲಿಪ್ ಹಾಕಿ, ಒಂದು ಗಂಟೆ ಕಂಪಾರ್ಟ್‌ಮೆಂಟಿನಲ್ಲಿ ನಿಂತರೆ ಬ್ಯಾಂಡ್ ಕೂತ ಜಾಗದಲ್ಲೇ ಕೂದಲು ಮುರಿಯುತ್ತದೆ. ಹಲವರ ಜಡೆಯ ನಡುಭಾಗದಲ್ಲಿ ಗಿಡ್ಡ ಕೂದಲು ಚೆದುರಿ ನಿಲ್ಲುವುದು ಇದರಿಂದ.

ಶನಿವಾರ ಮಧ್ಯಾಹ್ನ ಅಥವಾ ಭಾನುವಾರ ಬೆಳಿಗ್ಗೆ ಒಂದು ಸ್ನಾನ, ವಾರದ ನಡುವೆ ಕೆಲಸದಿಂದ ಬಂದ ಮೇಲೆ ಒಂದು. ಮುಸ್ಸಂಜೆ ದೀಪ ಹಚ್ಚುವ ಹೊತ್ತಿಗೆ ಕೂದಲು ಬಿಟ್ಟುಕೊಂಡಿರಬಾರದು ಎಂದು ಮನೆಯ ಹಿರಿಯರು ಹೇಳುತ್ತಾರೆ. ದೀಪ ಹಚ್ಚಿ ಕೈಮುಗಿದ ಮೇಲೆ ಸ್ನಾನಕ್ಕೆ ಹೋದರೆ ಅವರ ಮಾತೂ ಉಳಿಯುತ್ತದೆ. ಮಲಗುವ ಹೊತ್ತಿಗೆ ಪೂರ್ತಿ ಒಣಗಿರಬೇಕು, ಅದು ಮಾತ್ರ ಕಡ್ಡಾಯ. ಸೊಸೈಟಿಯಲ್ಲಿ ಬೆಳಿಗ್ಗೆ ಮಾತ್ರ ನೀರು ಬಿಡುತ್ತಾರಾದರೆ ಎರಡು ಬಕೆಟ್ ತುಂಬಿಟ್ಟು ಹೊರಡಿ.

ವಾರಕ್ಕೆ ಎಷ್ಟು ಸಲ? ನೆತ್ತಿಯನ್ನು ಕೇಳಿ. ಎಣ್ಣೆ ಜಾಸ್ತಿ ಸ್ರವಿಸುವವರಿಗೆ, ಬೆವರುವವರಿಗೆ ಎರಡು ದಿನಕ್ಕೊಮ್ಮೆಯೂ ಬೇಕಾಗಬಹುದು. ಹೋಟೆಲಿನ ಅಡಿಗೆಮನೆಯಲ್ಲಿ ಟೋಪಿ ಹಾಕಿ ಒಲೆಯ ಮುಂದೆ ನಿಲ್ಲುವ, ಹೆಲ್ಮೆಟ್ ಹಾಕಿ ಓಡಾಡುವ ಗಂಡಸರು ಗಿಡ್ಡ ಕೂದಲನ್ನು ದಿನಾ ತೊಳೆದರೂ ತೊಂದರೆಯಿಲ್ಲ. ಒಣ ನೆತ್ತಿಯವರಿಗೆ ವಾರಕ್ಕೊಮ್ಮೆ ಸಾಕು.

ಹೆಜ್ಜೆ 3: ಎಣ್ಣೆ ಸ್ನಾನದ ಮುಂಚೆ

ಅಮ್ಮಂದಿರ ತೆಂಗಿನೆಣ್ಣೆಯ ಪರವಾಗಿ ಇದೇ ಮುಂಬೈಯಲ್ಲಿ ನಡೆದ ಸಂಶೋಧನೆ ಇದೆ. ಮಾರಿಕೋ ಕಂಪನಿಯ ಸಂಶೋಧಕರು ತೆಂಗಿನೆಣ್ಣೆ, ಸೂರ್ಯಕಾಂತಿ ಎಣ್ಣೆ, ಮಿನರಲ್ ಆಯಿಲ್ (ಪೆಟ್ರೋಲಿಯಂನಿಂದ ತೆಗೆದ ಎಣ್ಣೆ) ಮೂರನ್ನೂ ಹೋಲಿಸಿ 2003ರಲ್ಲಿ ಪ್ರಕಟಿಸಿದರು. ತೊಳೆಯುವಾಗ ಕೂದಲಿನಿಂದ ಪ್ರೋಟೀನು ಕರಗಿಹೋಗುವುದನ್ನು ಕಡಿಮೆ ಮಾಡಿದ್ದು ತೆಂಗಿನೆಣ್ಣೆಯೊಂದೇ. ಕಂಪನಿ ಎಣ್ಣೆ ಮಾರುವುದೇ ಆದ್ದರಿಂದ ಆ ಹಿತಾಸಕ್ತಿ ನೆನಪಿರಲಿ. ಆದರೂ ಕಾರಣ ಸ್ಪಷ್ಟವಾಗಿದೆ: ತೆಂಗಿನೆಣ್ಣೆಯ ಮುಖ್ಯ ಅಂಶವಾದ ಲಾರಿಕ್ ಆಮ್ಲದ ಅಣು ಸಣ್ಣದು, ನೇರವಾದದ್ದು, ಕೂದಲಿನ ಒಳಕ್ಕೆ ಇಳಿಯುತ್ತದೆ. ಒಳಗೆ ಎಣ್ಣೆ ಇದ್ದರೆ ನೀರು ಅಷ್ಟಾಗಿ ಹೀರಿಕೊಳ್ಳುವುದಿಲ್ಲ, ಉಬ್ಬು ಕಡಿಮೆ.

ಹಾಗಾಗಿ ಎಣ್ಣೆ ಮುಖ್ಯವಾಗಿ ಬೇಕಿರುವುದು ಜಡೆಯ ಕೆಳಗಿನ ಅರ್ಧಕ್ಕೆ. ನಾವು ನೆತ್ತಿಗೆ ಸುರಿದು ತುದಿಯನ್ನು ಮರೆಯುತ್ತೇವೆ. ಬೆನ್ನಿನ ನಡುವಿನವರೆಗೆ ಬರುವ ಕೂದಲಿಗೆ ಎರಡು ಚಮಚ ಸಾಕು. ಅಂಗೈಯಲ್ಲಿ ತಿಕ್ಕಿ, ತುದಿಯಿಂದ ಶುರುಮಾಡಿ ಮೇಲಕ್ಕೆ ಹಚ್ಚಿ, ಕೊನೆಗೆ ಬೆರಳಲ್ಲಿ ಉಳಿದದ್ದನ್ನು ನೆತ್ತಿಗೆ ಸವರಿ. ಒಂದೆರಡು ಗಂಟೆ ಬಿಟ್ಟು ತೊಳೆಯಿರಿ. ಜನವರಿಯ ಬೆಳಿಗ್ಗೆ ಎಣ್ಣೆ ಹೆಪ್ಪುಗಟ್ಟಿದ್ದರೆ ಬಾಟಲಿಯನ್ನು ಬಿಸಿನೀರಿನಲ್ಲಿ ನಿಲ್ಲಿಸಿ. ಒಲೆಯ ಮೇಲೆ ಕಾಯಿಸಬೇಡಿ.

ಎಣ್ಣೆ ಹಚ್ಚಿದರೆ ಕೂದಲು ಹೊಸದಾಗಿ ಹುಟ್ಟುತ್ತದೆ ಎಂದು ನಂಬಬೇಡಿ. ಹೊಟ್ಟು ಇರುವವರು ನೆತ್ತಿಗೆ ಎಣ್ಣೆ ಹಚ್ಚಲೇಬಾರದು. ಎಣ್ಣೆ ಹಚ್ಚಿಕೊಂಡೇ ಲೋಕಲ್ ಹತ್ತುವ ಅಭ್ಯಾಸವನ್ನೂ ಬಿಡಿ, ದಾರಿಯ ಧೂಳೆಲ್ಲ ಅಂಟುತ್ತದೆ.

ಹೆಜ್ಜೆ 4: ಸಿಕ್ಕು ಬಿಡಿಸಿ ಸ್ನಾನಕ್ಕೆ ಹೋಗಿ

ಎಣ್ಣೆ ಕೂದಲಲ್ಲೇ, ಅಗಲ ಹಲ್ಲಿನ ಬಾಚಣಿಗೆಯಿಂದ ಸಿಕ್ಕು ಬಿಡಿಸಿ. ಒಂದು ಹಿಡಿ ಕೂದಲನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿಯಿರಿ, ಬೇರಿಗೆ ಎಳೆತ ತಾಗಬಾರದು. ಹಿಡಿಯ ಕೆಳಗಿನ ನಾಲ್ಕು ಬೆರಳಷ್ಟನ್ನು ಮೊದಲು ಬಾಚಿ. ಅದು ಬಿಟ್ಟ ಮೇಲೆ ಹಿಡಿಯನ್ನು ಸ್ವಲ್ಪ ಮೇಲಕ್ಕೆ ಸರಿಸಿ, ಮತ್ತೆ ಅಲ್ಲಿಂದ ತುದಿಗೆ. ಹೀಗೆ ಬುಡದವರೆಗೆ. ಬಾಚಣಿಗೆ ಒಂದು ಕಡೆ ನಿಂತರೆ ಎಳೆಯಬೇಡಿ, ಹೊರಗೆ ತೆಗೆದು ಆ ಗಂಟನ್ನು ಬೆರಳಲ್ಲಿ ಬಿಡಿಸಿ. ಮೇಲಿನಿಂದ ಎಳೆದರೆ ಸಣ್ಣ ಸಣ್ಣ ಸಿಕ್ಕುಗಳೆಲ್ಲ ಕೆಳಗೆ ಒಂದೇ ಗಂಟಾಗಿ ಸೇರುತ್ತವೆ, ಆಗ ಕತ್ತರಿಯೇ ಗತಿ. ಮಕ್ಕಳ ತಲೆ ಬಾಚುವಾಗ ಅವರು ಅಳುವುದಕ್ಕೂ ಇದೇ ಕಾರಣ.

ಗುಂಗುರು ಕೂದಲಿನವರು ಮಾತ್ರ ಒಣಗಿದ್ದಾಗ ಬಾಚಬಾರದು. ಕಂಡಿಷನರ್ ಹಚ್ಚಿದ ಒದ್ದೆ ಕೂದಲಲ್ಲೇ ಬೆರಳಿನಿಂದಲೋ ಅಗಲ ಬಾಚಣಿಗೆಯಿಂದಲೋ ಬಿಡಿಸಿಕೊಳ್ಳಬೇಕು.

ಹೆಜ್ಜೆ 5: ತೊಳೆಯುವ ಕ್ರಮ

ಉಗುರುಬೆಚ್ಚಗಿನ ನೀರು ಸಾಕು. ಶಾಂಪೂವನ್ನು ನೇರ ತಲೆಗೆ ಸುರಿಯದೆ ತಂಬಿಗೆಯಲ್ಲಿ ನೀರಿನೊಂದಿಗೆ ಕಲಸಿಕೊಳ್ಳಿ. ಬೆರಳ ತುದಿಯಿಂದ ನೆತ್ತಿಯನ್ನು ಮಾತ್ರ ತಿಕ್ಕಿ, ಉಗುರು ತಾಗಿಸಬೇಡಿ. ಜಡೆಯ ಭಾಗಕ್ಕೆ ಇಳಿದುಬರುವ ನೊರೆಯೇ ಸಾಕು. ಬಟ್ಟೆ ಒಗೆದಂತೆ ಕೂದಲನ್ನೆಲ್ಲ ನೆತ್ತಿಯ ಮೇಲೆ ಗುಡ್ಡೆ ಹಾಕಿ ಉಜ್ಜಬೇಡಿ.

ಮೈಸೋಪನ್ನು ತಲೆಗೆ ಹಾಕುವ ಅಭ್ಯಾಸ ಗಂಡಸರಲ್ಲಿ ಇನ್ನೂ ಇದೆ. ಸೋಪು ಕ್ಷಾರ, ಕೂದಲ ಪದರವನ್ನು ಎಬ್ಬಿಸುತ್ತದೆ, ಗಡುಸು ನೀರಿನಲ್ಲಂತೂ ಮಡ್ಡಿ ಕಟ್ಟುತ್ತದೆ.

ಸೀಗೆಪುಡಿ, ಅಂಟುವಾಳ, ದಾಸವಾಳದ ಎಲೆಯ ಗೊಂಪು ಎಲ್ಲ ಮಾಟುಂಗಾದ ಕಡೆ ಹುಡುಕಿದರೆ ಸಿಗುತ್ತವೆ ಇಲ್ಲವೇ ಊರಿನಿಂದ ಬರುತ್ತವೆ. ಸೀಗೆಯಲ್ಲೂ ಅಂಟುವಾಳದಲ್ಲೂ ಇರುವ, ನೊರೆ ಬರಿಸುವ ಸ್ಯಾಪೊನಿನ್ ಎಂಬ ಅಂಶ ಎಣ್ಣೆಯನ್ನು ಬಿಡಿಸುತ್ತದೆ. ಪುಡಿಯನ್ನು ಹಾಗೇ ಕಲಸಿ ಹಾಕಿದರೆ ತರಿ ಕೂದಲಲ್ಲಿ ಉಳಿದು ಉಜ್ಜುತ್ತದೆ. ರಾತ್ರಿ ನೆನೆಹಾಕಿ, ಕುದಿಸಿ, ತೆಳು ಬಟ್ಟೆಯಲ್ಲಿ ಸೋಸಿ ಬಳಸಿ. ಕಣ್ಣಿಗೆ ಹೋದರೆ ಜೋರು ಉರಿ, ತಲೆ ಹಿಂದಕ್ಕೆ ಬಾಗಿಸಿಕೊಳ್ಳಿ. ನನಗೆ ಸೀಗೆಯ ಮೇಲೆ ಪ್ರೀತಿ ಹೆಚ್ಚು, ಆದರೆ ಸಮಯವಿಲ್ಲದವರು ಸೌಮ್ಯ ಶಾಂಪೂ ಬಳಸಿದರೆ ಏನೂ ಕಳೆದುಕೊಳ್ಳುವುದಿಲ್ಲ.

ಶಾಂಪೂ ಆದ ಮೇಲೆ ಕಂಡಿಷನರ್ ಬಿಡಬೇಡಿ. ಕಿವಿಯ ಮಟ್ಟದಿಂದ ಕೆಳಗೆ ಮಾತ್ರ ಹಚ್ಚಿ, ಎರಡು ನಿಮಿಷ ಬಿಟ್ಟು ತೊಳೆಯಿರಿ. ಎದ್ದ ಪದರದ ಮೇಲೆ ಅದು ತೆಳ್ಳಗೆ ಕೂತು ಕೂದಲು ಕೂದಲಿಗೆ ಉಜ್ಜುವುದನ್ನು ತಪ್ಪಿಸುತ್ತದೆ.

ಹೆಜ್ಜೆ 6: ಒಣಗಿಸುವುದು

ದಪ್ಪ ಟರ್ಕಿ ಟವಲನ್ನು ಪಕ್ಕಕ್ಕಿಡಿ. ಕರಾವಳಿಯ ತೆಳು ಬೈರಾಸು, ಹಳೆಯ ಹತ್ತಿ ಪಂಚೆ ಇದಕ್ಕೆ ಎಷ್ಟೋ ಮೇಲು. ಕೂದಲನ್ನು ಅದರಲ್ಲಿ ಸುತ್ತಿ ಒತ್ತಿ ನೀರು ಹೀರಿಸಿ, ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಉಜ್ಜುವುದು, ಹಿಂಡುವುದು, ತಲೆ ಬಾಗಿಸಿ ಟವಲಿನಿಂದ ಬಡಿಯುವುದು ಬೇಡ. ಆ ಬಡಿತದಲ್ಲೇ ಎಷ್ಟು ಕೂದಲು ಸೀಳುತ್ತವೋ.

ಮುಂಬೈಯ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ನೀರು, ದಟ್ಟ ಕೂದಲು ಗಂಟೆಗಟ್ಟಲೆ ಒಣಗುವುದಿಲ್ಲ. ಅಷ್ಟು ಹೊತ್ತು ನೆನೆದೇ ಇರುವುದೂ ಒಳ್ಳೆಯದಲ್ಲ. ಫ್ಯಾನಿನ ಕೆಳಗೆ ಕೂತು ಬೆರಳಿನಿಂದ ಬಿಡಿಸುತ್ತಾ ಒಣಗಿಸಿ. ಡ್ರೈಯರ್ ಇದ್ದರೆ ತಣ್ಣಗಿನ ಅಥವಾ ಕಡಿಮೆ ಬಿಸಿಯ ಗಾಳಿಯಲ್ಲಿ, ಒಂದು ಗೇಣು ದೂರ ಹಿಡಿದು, ಒಂದೇ ಜಾಗಕ್ಕೆ ನಿಲ್ಲಿಸದೆ ಆಡಿಸುತ್ತಿರಿ.

ಹೆಜ್ಜೆ 7: ಲೋಕಲ್‌ನಲ್ಲಿ

ಲೇಡೀಸ್ ಡಬ್ಬಿಯಲ್ಲಿ ದಿನಾ ನಡೆಯುವುದನ್ನು ಗಮನಿಸಿ. ಬಿಟ್ಟ ಕೂದಲು ಪಕ್ಕದವರ ಬ್ಯಾಗಿನ ಪಟ್ಟಿಯ ಅಡಿ ಸಿಕ್ಕಿಕೊಂಡಿರುತ್ತದೆ, ಸ್ಟೇಷನ್ ಬಂದಾಗ ಅವರು ಮುಂದೆ ನುಗ್ಗುತ್ತಾರೆ, ಹತ್ತಿಪ್ಪತ್ತು ಕೂದಲು ಅವರ ಜೊತೆ ಹೊರಡುತ್ತವೆ. ನಿಮ್ಮದೇ ಬ್ಯಾಗಿನ ಪಟ್ಟಿ ಹೆಗಲ ಮೇಲಿನ ಕೂದಲನ್ನು ದಿನವಿಡೀ ಅರೆಯುತ್ತದೆ. ಪ್ರಯಾಣಕ್ಕೆ ಸಡಿಲ ಜಡೆಯೇ ಸರಿ, ಅದನ್ನು ದುಪಟ್ಟಾದ ಒಳಗೋ ಮುಂದಕ್ಕೋ ಹಾಕಿಕೊಳ್ಳಿ. ಬಾಗಿಲ ಬಳಿ ನಿಲ್ಲುವವರು ತೆಳು ಹತ್ತಿ ಬಟ್ಟೆ ಕಟ್ಟಿಕೊಂಡರೆ ಧೂಳೂ ಇಲ್ಲ, ಸಿಕ್ಕೂ ಇಲ್ಲ.

ಬಿಗಿಯಾಗಿ ಎಳೆದು ಕಟ್ಟುವುದು ನಿಜಕ್ಕೂ ಅಪಾಯ. ವರ್ಷಗಟ್ಟಲೆ ಹಾಗೆ ಕಟ್ಟಿದರೆ ಹಣೆಯಂಚು, ಕಿವಿಯ ಮುಂದಿನ ಕೂದಲು ತೆಳುವಾಗಿ, ಬೇರೇ ಸೊರಗಿ ಮತ್ತೆ ಬಾರದೇ ಹೋಗಬಹುದು. ಕಟ್ಟಿದ ಮೇಲೆ ಹುಬ್ಬು ಮೇಲೆತ್ತಿದರೆ ನೆತ್ತಿ ನೋಯುತ್ತದೆಯೇ? ಹಾಗಿದ್ದರೆ ಸಡಿಲಿಸಿ. ಬೈತಲೆಯನ್ನೂ ಆಗಾಗ ಬದಲಿಸಿ. ರಬ್ಬರ್ ಬ್ಯಾಂಡಿನ ಬದಲು ಬಟ್ಟೆ ಸುತ್ತಿದ್ದನ್ನು ಬಳಸಿ. ಶಂಕರಪುರದ ಮಲ್ಲಿಗೆ ಮುಡಿಯುವ ದಿನ ಹೂವಿನ ನಾರನ್ನು ಕೂದಲಿಗೆ ಕಟ್ಟದೆ, ತುದಿಗೆ ಗುಂಡು ಇರುವ ಪಿನ್ನಿನಲ್ಲಿ ಸಿಕ್ಕಿಸಿ.

ಹೆಜ್ಜೆ 8: ಬಿಸಿ, ಬಣ್ಣ, ಪಾರ್ಲರ್

ಸ್ಟ್ರೈಟ್ನರ್ ಹಾಕುವಾಗ ಚುಯ್ ಎಂಬ ಸದ್ದು ಬಂದರೆ ಕೂದಲ ಒಳಗಿನ ನೀರು ಕುದಿಯುತ್ತಿದೆ ಎಂದರ್ಥ. ಪೂರ್ತಿ ಒಣಗಿದ ಮೇಲೆ, ಕಡಿಮೆ ಬಿಸಿಯಲ್ಲಿ, ಮದುವೆ ಮುಂಜಿಗೆ ಮಾತ್ರ ಇರಲಿ. ಪಾರ್ಲರಿನಲ್ಲಿ ಕೂದಲು ನೇರ ಮಾಡುವ ಕೆಲವು ದ್ರಾವಣಗಳು ಬಿಸಿ ತಾಗಿದಾಗ ಫಾರ್ಮಾಲ್ಡಿಹೈಡ್ ಎಂಬ ವಿಷಾನಿಲ ಬಿಡುತ್ತವೆ. ಕಣ್ಣು ಗಂಟಲು ಉರಿಯತೊಡಗಿದರೆ ಮುಲಾಜಿಲ್ಲದೆ ಎದ್ದುಬನ್ನಿ.

ಅಪ್ಪಟ ಮದರಂಗಿ ಕೆಂಪು ಛಾಯೆಯನ್ನಷ್ಟೇ ಕೊಡುತ್ತದೆ. 'ಕಪ್ಪು ಮೆಹಂದಿ' ಎಂದು ಮಾರುವುದರಲ್ಲಿ ಸಾಮಾನ್ಯವಾಗಿ ಪಿಪಿಡಿ ಎಂಬ ರಾಸಾಯನಿಕ ಇರುತ್ತದೆ, ಕೆಲವರಿಗೆ ಮುಖ ಊದುವಷ್ಟು ಅಲರ್ಜಿ ತರುತ್ತದೆ. ಯಾವ ಬಣ್ಣವೇ ಆಗಲಿ, ಪ್ರತಿ ಸಲವೂ 48 ಗಂಟೆ ಮುಂಚೆ ಕಿವಿಯ ಹಿಂದೆ ಚೂರು ಹಚ್ಚಿ ನೋಡಿ.

ಹೆಜ್ಜೆ 9: ರಾತ್ರಿ

ಸಡಿಲ ಜಡೆ, ನುಣುಪಾದ ದಿಂಬಿನ ಚೀಲ. ಹಳೆಯ ರೇಷ್ಮೆ ಸೀರೆಯ ತುಂಡು ಹೊಲಿಸಿದರೂ ಆಯಿತು. ಎರಡು ಮೂರು ತಿಂಗಳಿಗೊಮ್ಮೆ ತುದಿ ಅರ್ಧ ಅಂಗುಲ ಕತ್ತರಿಸಿ. ಬಿಟ್ಟರೆ ಸೀಳು ಮೇಲಕ್ಕೆ ಹತ್ತುತ್ತದೆ.

ಮಳೆಗಾಲದ ಹೊಟ್ಟು

ನೆತ್ತಿಯಲ್ಲಿ ಎಲ್ಲರಿಗೂ ಇರುವ ಮಲಸೇಜಿಯಾ ಎಂಬ ಶಿಲೀಂಧ್ರ ಎಣ್ಣೆಯನ್ನೇ ತಿಂದು ಬದುಕುತ್ತದೆ, ಬೆವರು ಮತ್ತು ತೇವದಲ್ಲಿ ಹೆಚ್ಚುತ್ತದೆ. ಹೊಟ್ಟು ಕಂಡ ಕೂಡಲೇ 'ನೆತ್ತಿ ಒಣಗಿದೆ' ಎಂದು ಎಣ್ಣೆ ಸುರಿಯುವುದು ಅದಕ್ಕೆ ಊಟ ಬಡಿಸಿದಂತೆ. ಔಷಧದಂಗಡಿಯಲ್ಲಿ ಸಿಗುವ ಶೇಕಡಾ 2ರ ಕೀಟೊಕೊನಜೋಲ್ ಶಾಂಪೂವನ್ನು ವಾರಕ್ಕೆ ಎರಡು ಸಲದಂತೆ ಎರಡರಿಂದ ನಾಲ್ಕು ವಾರ ಬಳಸಿ. ಹಚ್ಚಿ ಮೂರರಿಂದ ಐದು ನಿಮಿಷ ಬಿಟ್ಟು ತೊಳೆಯಬೇಕು, ಕೂಡಲೇ ತೊಳೆದರೆ ಕೆಲಸ ಮಾಡುವುದಿಲ್ಲ. ಮಳೆಯಲ್ಲಿ ನೆನೆದು ಬಂದ ದಿನ ಜಡೆ ಬಿಚ್ಚಿ ಒಣಗಿಸದೆ ಮಲಗಬೇಡಿ.

ಊಟದ ತಟ್ಟೆ

ಕೂದಲು ಪ್ರೋಟೀನಿನಿಂದ ಆದದ್ದು, ಅನ್ನ–ಸಾರು, ವಡಾಪಾವ್‌ನಲ್ಲೇ ದಿನ ಕಳೆದರೆ ಸಾಲದು. ಹುರುಳಿ ಸಾರು, ಹೆಸರುಕಾಳು, ಮೊಟ್ಟೆ, ಬಂಗುಡೆ, ಬೂತಾಯಿ, ಮೊಸರು ಇವುಗಳಲ್ಲಿ ಎರಡಾದರೂ ದಿನದ ಊಟದಲ್ಲಿರಲಿ. ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುವ ಹೆಂಗಸರಲ್ಲಿ ಕಬ್ಬಿಣದ ಕೊರತೆ ಸಾಮಾನ್ಯ. ಸೊಪ್ಪು, ಕಾಳಿನ ಜೊತೆ ಲಿಂಬೆ ಹಿಂಡಿಕೊಂಡರೆ ಕಬ್ಬಿಣ ಚೆನ್ನಾಗಿ ಹೀರುತ್ತದೆ, ಊಟದ ಜೊತೆಗೇ ಚಹಾ ಕುಡಿದರೆ ಹೀರುವುದು ಕಡಿಮೆ.

ಕೂದಲಿಗೆಂದು ಮಾರುವ ಬಯೋಟಿನ್ (ಬಿ ಗುಂಪಿನ ಒಂದು ವಿಟಮಿನ್) ಮಾತ್ರೆಗೆ ದುಡ್ಡು ಹಾಕಬೇಡಿ. ಕೊರತೆ ಇಲ್ಲದವರಿಗೆ ಅದರಿಂದ ಲಾಭ ಕಂಡಿಲ್ಲ. ಮೇಲಾಗಿ ಹೆಚ್ಚಿನ ಪ್ರಮಾಣದ ಬಯೋಟಿನ್ ಥೈರಾಯ್ಡ್ ಮತ್ತು ಹೃದಯಾಘಾತದ ರಕ್ತಪರೀಕ್ಷೆಗಳನ್ನೇ ತಪ್ಪಾಗಿ ತೋರಿಸಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ರಕ್ತ ಕೊಡುವ ಮುಂಚೆ ವೈದ್ಯರಿಗೆ ಹೇಳಿ.

ಬೇರಿನಿಂದಲೇ ಉದುರುತ್ತಿದ್ದರೆ

ಜೋರು ಜ್ವರ, ಹೆರಿಗೆ, ಆಪರೇಷನ್, ದಿಢೀರ್ ತೂಕ ಇಳಿಕೆ, ಇವುಗಳಾದ ಎರಡು ಮೂರು ತಿಂಗಳಿಗೆ ಕೂದಲು ರಾಶಿಯಾಗಿ ಉದುರುವುದುಂಟು. ಆಗಸ್ಟ್‌ನಲ್ಲಿ ಡೆಂಗ್ಯೂ ಬಂದವರು ದೀಪಾವಳಿಯ ಹೊತ್ತಿಗೆ ಹೊಸ ಶಾಂಪೂವನ್ನು ಬೈಯುತ್ತಿರುತ್ತಾರೆ, ಕಾರಣ ಆ ಜ್ವರ. ಬಾಣಂತಿಯರಿಗೂ ಹೀಗೇ. ಬಹುಪಾಲು ಮಂದಿಗೆ ಆರು ತಿಂಗಳಲ್ಲಿ ತಾನಾಗಿ ನಿಂತು ಹೊಸ ಕೂದಲು ಬರುತ್ತದೆ.

ಕಾಯದೆ ಚರ್ಮರೋಗ ತಜ್ಞರಲ್ಲಿಗೆ ಹೋಗಬೇಕಾದ ಸಂದರ್ಭಗಳೂ ಇವೆ: ನಾಣ್ಯದಷ್ಟು ಗುಂಡಗೆ ಬೋಳಾದದ್ದು, ನೆತ್ತಿಯಲ್ಲಿ ನೋವು, ಕೀವು, ಹೊಳೆಯುವ ಕಲೆ, ಬೈತಲೆ ತಿಂಗಳಿಂದ ತಿಂಗಳಿಗೆ ಅಗಲವಾಗುವುದು, ಮುಟ್ಟಿನ ಏರುಪೇರಿನ ಜೊತೆ ಮುಖದಲ್ಲಿ ಕೂದಲು, ಗಂಡುಮಕ್ಕಳಿಗೆ ಇಪ್ಪತ್ತರ ಹರೆಯದಲ್ಲೇ ಹಣೆ ಹಿಂದೆ ಸರಿಯುವುದು. ಇವುಗಳಿಗೆ ಮದ್ದಿದೆ, ಬೇಗ ಶುರುಮಾಡಿದಷ್ಟೂ ಉಳಿಯುವ ಕೂದಲು ಹೆಚ್ಚು. ಖಾಸಗಿ ಕ್ಲಿನಿಕ್ಕಿನ ಫೀಸು ಭಾರವೆನಿಸಿದರೆ ಪರೇಲಿನ ಕೆಇಎಂ, ಸಯನ್, ನಾಯರ್ ಈ ಪಾಲಿಕೆ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗವಿದೆ. ಹೋಗುವಾಗ ಹಿಂದಿನ ಆರು ತಿಂಗಳಲ್ಲಿ ಬಂದ ಕಾಯಿಲೆ, ನುಂಗಿದ ಮಾತ್ರೆಗಳ ಪಟ್ಟಿ, ಇತ್ತೀಚಿನ ರಕ್ತಪರೀಕ್ಷೆಯ ಕಾಗದ, ಬೈತಲೆಯ ಹಳೆಯ ಮತ್ತು ಹೊಸ ಫೋಟೊ ಒಯ್ಯಿರಿ. ಆ ದಿನ ತಲೆಗೆ ಎಣ್ಣೆ ಹಚ್ಚಬೇಡಿ, ನೆತ್ತಿ ನೋಡಲು ವೈದ್ಯರಿಗೆ ಕಷ್ಟವಾಗುತ್ತದೆ.